ಮದುವೆ ಕುದುರೆಯ ಹೇನು

ಆಗ ನನಗೆ ಹನ್ನೊಂದು ವರ್ಷ. ಈಗ ಎಪ್ಪತ್ತಮೂರು. ನಡುವೆ ಅರವತ್ತೆರಡು ವರ್ಷ ಹೋಗಿವೆ, ಹೋಗಲಿ. ಹುಬ್ಬಳ್ಳಿಯಲ್ಲಿ ಕುದುರೆಯ ಹೇನು ಹೆಕ್ಕಿದ ಹೆಂಗಸರು ನನಗೆ ತಿಳಿದಂತೆ ಇಬ್ಬರೇ, ನಾನು ಮತ್ತು ನಮ್ಮ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಮೂರನೆಯ ಇಯತ್ತೆಯವರೆಗಿನಷ್ಟು ಬರುತ್ತದೆ, ಅದರಲ್ಲೇ ಬರೆಯುತ್ತಿದ್ದೇನೆ.

ನಮ್ಮ ಮನೆ ಗೋಪನಕೊಪ್ಪದಲ್ಲಿತ್ತು. ಆಗ ಅದು ಊರ ಹೊರಗಿನ ಹಳ್ಳಿ. ಓಣಿಯಲ್ಲಿ ಎಲ್ಲರ ಬಾಗಿಲೂ ತಲೆ ಬಗ್ಗಿಸಿ ಒಳಗೆ ಹೋಗುವಂಥವು. ನಮ್ಮದೊಂದೇ ಎತ್ತರದ ಬಾಗಿಲು, ಯಾಕೆಂದರೆ ಕುದುರೆ ಯಾರ ಮುಂದೆಯೂ ತಲೆ ಬಗ್ಗಿಸುವುದಿಲ್ಲ. ಒಳಗೆ ಕಾಲಿಟ್ಟರೆ ಮೊದಲು ಕುದುರೆ ಕಟ್ಟುವ ಜಾಗ, ಅದಕ್ಕೆ ಕರಿಕಲ್ಲಿನ ಹಾಸು. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ನಾವು ಕೂರುವುದು, ಉಣ್ಣುವುದು, ಮಲಗುವುದು ಎಲ್ಲಾ ಅಲ್ಲೇ. ಹಿಂದೆ ಅಡಿಗೆಮನೆ. ಕುದುರೆಗೂ ನಮಗೂ ನಡುವೆ ಗೋಡೆ ಇರಲಿಲ್ಲ, ಆ ಎರಡು ಮೆಟ್ಟಿಲು ಮಾತ್ರ ಇದ್ದವು. ನಾವು ಉಣ್ಣುವುದನ್ನು ಅದು ನೋಡುತ್ತಿತ್ತು, ಅದು ತಿನ್ನುವುದನ್ನು ನಾವು ನೋಡುತ್ತಿದ್ದೆವು. ಬೆಳಿಗ್ಗೆ ಅವ್ವ ದೊಡ್ಡ ಗಡಿಗೆಯಲ್ಲಿ ಹುರಳಿ ಬೇಯಿಸುತ್ತಿದ್ದಳು. ಬೆಂದ ಕಾಳು ಕುದುರೆಗೆ, ಬಸಿದ ಕಟ್ಟು ನಮಗೆ. ಆ ಕಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಹಣ್ಣು ಕಿವುಚಿ ಸಾರು ಮಾಡಿದರೆ ಜೋಳದ ರೊಟ್ಟಿ ನಾಲ್ಕು ಹೋಗುತ್ತಿದ್ದವು. ಒಮ್ಮೆ ಅವ್ವನ ತಂಗಿ ಬಂದವಳು ಕುದುರೆ ಬಿಟ್ಟದ್ದನ್ನು ಉಣ್ಣುವ ಮಂದಿ ನೀವು ಎಂದು ನಕ್ಕಳು. ಅವ್ವ ಒಲೆಯ ಮುಂದಿನಿಂದ ಏಳದೆ ಹೇಳಿದಳು:

"ಹೌದವ್ವಾ, ನಿಮ್ಮ ಮನ್ಯಾಗ ಮಂದಿ ಬಿಟ್ಟಿದ್ದ ಮಂದಿ ಉಣ್ತಾರ. ನಮ್ಮ ಕುದರಿ ಬಾಯಿ ಛಲೋ ಐತಿ."

ಕುದುರೆಯ ಹೆಸರು ನಗೀನಾ. ಬಿಳಿ ಹೆಣ್ಣು ಕುದುರೆ. ದಿನಾ ಟಾಂಗಾ ಎಳೆಯುತ್ತಿತ್ತು. ಆದರೆ ಮದುವೆಯ ಹಂಗಾಮಿನಲ್ಲಿ ಮದುಮಗನನ್ನು ಹೊತ್ತು ಮೆರವಣಿಗೆಯಲ್ಲಿ ನಡೆಯುವುದೇ ಅದರ ನಿಜವಾದ ಕೆಲಸ. ಹಲಗೆ ಬಡಿದರೂ, ಮುಂದೆ ಪಟಾಕಿ ಹಾರಿಸಿದರೂ ಬೆದರದ ಕುದುರೆ ಸುತ್ತ ಊರುಗಳಲ್ಲಿ ಅದೊಂದೇ ಎಂದು ಅಪ್ಪ ಹೇಳುತ್ತಿದ್ದ. ಅದು ಖರೆಯೂ ಇತ್ತು. ಅದರ ಕುತ್ತಿಗೆಯ ಮೇಲಿನ ಕೂದಲಿಗೆ ನಮ್ಮಲ್ಲಿ ಅಯಾಲು ಎನ್ನುತ್ತಾರೆ. ನಗೀನಾಳ ಅಯಾಲು ಭುಜ ದಾಟಿ ಇಳಿದಿತ್ತು. ಎರಡು ಕಿವಿಗಳ ನಡುವೆ ಹಣೆಯ ಮೇಲೆ ಬೀಳುವ ಮುಂದಲೆಯೇ ಒಂದು ಗೇಣು. ಕೇಶ್ವಾಪುರದಿಂದ ಹಿಡಿದು ರಾಯಾಪುರದವರೆಗೆ ಯಾವ ಮನೆಯಲ್ಲಿ ಮದುವೆ ಇದ್ದರೂ ಬಿಳಿ ಕುದುರೆ ಬೇಕು ಎಂದು ಯಾರೂ ಹೇಳುತ್ತಿರಲಿಲ್ಲ, ಯಲ್ಲಪ್ಪನ ಕುದುರೆ ಬೇಕು ಎನ್ನುತ್ತಿದ್ದರು. ಯಲ್ಲಪ್ಪ ನಮ್ಮ ಅಪ್ಪ.

ಆ ಅಯಾಲಿಗೆ ನಮ್ಮ ಮನೆಯಲ್ಲಿ ಕತ್ತರಿ ತಾಗಿಸುತ್ತಿರಲಿಲ್ಲ. ಮನೆಯ ಯಜಮಾನ ಸತ್ತಾಗ ಮಾತ್ರ ಕುದುರೆಯ ಅಯಾಲು ಕತ್ತರಿಸುವುದು ಪದ್ಧತಿ. ಅಜ್ಜ ಸತ್ತಾಗ ಆಗಿನ ಕುದುರೆಯದನ್ನು ಕತ್ತರಿಸಿದ್ದರಂತೆ. ಅದರ ಮೇಲೆ ಮತ್ತೆ ಯಾವ ಮದುಮಗನೂ ಕೂರಲಿಲ್ಲ, ಸೂತಕದ ಕುದುರೆ ಎಂದು ಊರೆಲ್ಲಾ ಗುರುತಿಸಿತು. ಕೊನೆಗೆ ಇಟ್ಟಂಗಿ ಭಟ್ಟಿಯ ಗಾಡಿಗೆ ಹೋಯಿತು. ಇನ್ನೊಂದು ಪದ್ಧತಿ ಮುಟ್ಟುವುದರದ್ದು. ಮದುಮಗ ಕೂರುವ ಕುದುರೆಯನ್ನು ಗಂಡಸರು ಮುಟ್ಟಬಹುದು, ದೊಡ್ಡವಳಾಗದ ಹುಡುಗಿ ಮುಟ್ಟಬಹುದು. ಅವ್ವ ತಿಂಗಳಾದ್ಯಂತ ದೂರ, ಯಾವ ದಿನ ಏನೋ ಎಂದು. ಆಯಿಯಂತೂ ವಿಧವೆ, ಅವಳ ನೆರಳೂ ಬೀಳಬಾರದು. ಒಂದೇ ಸೂರಿನ ಕೆಳಗೆ ಮೂರು ಹೆಣ್ಣುಮಕ್ಕಳಿದ್ದೆವು. ನಾಲ್ಕನೆಯವಳಾದ ನಗೀನಾಳನ್ನು ಮುಟ್ಟುವ ಹಕ್ಕು ನನಗೊಬ್ಬಳಿಗೆ ಇತ್ತು. ಅದರ ಸೊಕ್ಕೂ ಇತ್ತು.

ಎಳ್ಳಮಾವಾಸ್ಯೆ ಮುಗಿದು ಚಳಿ ಹಿಡಿದಿತ್ತು. ಒಂದು ಮುಂಜಾನೆ ನಾವು ಉಣ್ಣುತ್ತಿರುವಾಗ ನಗೀನಾ ಕಂಬಕ್ಕೆ ಕುತ್ತಿಗೆ ಉಜ್ಜತೊಡಗಿತು. ಮಾಳಿಗೆಯ ಮಣ್ಣು ಸಾರಿನಲ್ಲಿ ಉದುರುವಷ್ಟು ಉಜ್ಜಿತು. ಅಪ್ಪ ಎದ್ದು ಹೋಗಿ ಅಯಾಲು ಎತ್ತಿ ನೋಡಿದ. ನೋಡಿದವನು ಹಾಗೆಯೇ ಕೈ ಬಿಟ್ಟ. ಬುಡದಲ್ಲಿ ಹೇನು ಹರಿಯುತ್ತಿದ್ದವು, ಕೂದಲ ತುಂಬ ಬಿಳಿ ಸೀರು ಅಂಟಿಕೊಂಡಿತ್ತು. ಸೀರು ಎಂದರೆ ಹೇನಿನ ತತ್ತಿ. ಕೇಶ್ವಾಪುರದ ದೊಡ್ಡ ಮನೆಯೊಂದರ ಮದುವೆಗೆ ಮಾತು ಕೊಟ್ಟಾಗಿತ್ತು. ಇಪ್ಪತ್ತೆರಡು ದಿನ ಉಳಿದಿತ್ತು. ಅಪ್ಪನ ಕಣ್ಣು ಮೊದಲು ಬಿದ್ದದ್ದು ನನ್ನ ಮೇಲೆ.

"ಇದು ಈಕೀ ತಲ್ಯಾಗಿಂದನ ಬಂದೈತಿ. ದಿನಾ ಅದರ ಕುತಗಿಗೆ ಜೋತ ಬೀಳ್ತಾಳ. ಮೊದಲ ನಿನ್ನ ಮಗಳ ತಲಿ ಬೋಳಸು."

ಅವ್ವನ ಮಡಿಲಲ್ಲಿ ನನ್ನ ಪುಟ್ಟ ತಮ್ಮ ಮೊಲೆ ಕುಡಿಯುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಹೇನ ಬಿದ್ರ ನನ್ನ ಮಗಳು, ಪಾಸ ಆದ್ರ ನಿಮ್ಮ ಮಗಳು. ಹೌದಲ್ರಿ?"

ಅಷ್ಟರಲ್ಲಿ ಮಕ್ತುಮ ಕಾಕಾ ಬಂದ. ಅವನು ಕುದುರೆಗಳಿಗೆ ಲಾಳ ಬಡಿಯುವವನು. ಹುಬ್ಬಳ್ಳಿಯ ಎಲ್ಲ ಟಾಂಗಾದವರಿಗೂ ಅವನದೇ ಕೈ, ರೋಗಕ್ಕೂ ಅವನದೇ ಮಾತು. ಕುದುರೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ಒಂದು ಹೇನನ್ನು ಉಗುರಿನ ಮೇಲೆ ಇಟ್ಟುಕೊಂಡು ನಕ್ಕ.

"ಏ ಯಲ್ಲಪ್ಪಾ, ಹುಡುಗೀನ್ಯಾಕ ಬೋಳಸ್ತೀಯೋ? ಮಂದಿ ಹೇನ ಬ್ಯಾರೆ, ಕುದರಿ ಹೇನ ಬ್ಯಾರೆ. ಅವಕ್ಕೂ ಜಾತಿ ಅದಾವ. ಒಬ್ಬರ ಮನ್ಯಾಗ ಒಬ್ಬರು ಉಣ್ಣೂದಿಲ್ಲ."

"ಮತ್ತ ಎಲ್ಲಿಂದ ಬಂತ್ರಿ ಕಾಕಾ?" ಎಂದು ಅಪ್ಪ ಕೇಳಿದ.

"ಸ್ಟ್ಯಾಂಡಿನಾಗ ಬೇವಿನ ಗಿಡಕ್ಕ ಒಂದ ಖರಾರಾ ತೂಗ ಹಾಕೀರಲಾ, ಅದರಾಗ ಹನ್ನೆರಡ ಕುದರಿ ಮೈ ತಿಕ್ಕತೀರಿ. ಭಾಳ ಅಣತಮ್ಮಕಿ ನಿಮ್ದು! ಈಗ ಚಳಿಗಾಲ, ಕೂದಲಾ ಉದ್ದ ಬೆಳದೈತಿ. ಎಲ್ಲಾ ಕತ್ತರಿಸಿ ತಗೀ. ಬಿಸಲಿಗೆ ನಿಲ್ಸು. ಹೋಗತಾವ."

"ಅಯಾಲಾ?"

"ಅಲ್ಲೇ ಅದಾವಲೋ ಸಂಸಾರ ಎಲ್ಲಾ. ಅಯಾಲಾ ಸೈತ ತಗೀಬೇಕು."

ಖರಾರಾ ಎಂದರೆ ಕುದುರೆಯ ಮೈ ತಿಕ್ಕುವ ತಗಡಿನ ಹಲ್ಲಿನ ಬ್ರಷ್ಷು. ಕಾಕಾ ಹೋದ ಮೇಲೆ ಅಪ್ಪ ಮಧ್ಯಾಹ್ನ ತನ್ನದೇ ಒಂದು ಬುದ್ಧಿ ಖರ್ಚು ಮಾಡಿ, ಬಟ್ಟೆಗೆ ಚಿಮಣಿ ಎಣ್ಣೆ ಅದ್ದಿ ಹಿಂದಿನ ತೊಡೆಗೆ ತಿಕ್ಕಿ ನೋಡಿದ. ಹೇನು ಸತ್ತವೋ ಇಲ್ಲವೋ, ಅಂಗೈ ಅಗಲ ಚರ್ಮ ಸುಟ್ಟು ಕೂದಲು ಕಿತ್ತು ಬಂತು. ನಗೀನಾ ಒದ್ದ ಪೆಟ್ಟಿಗೆ ನೀರಿನ ಹಂಡೆ ನೆಗ್ಗಿತು. ಮರುದಿನ ಅಪ್ಪ ಕುರುಬರ ಮನೆಯಿಂದ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದ. ಅದನ್ನು ಕಲ್ಲಿಗೆ ಮಸೆಯುವ ಸಪ್ಪಳ ಕೇಳಿ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಆಯಿ ಕಣ್ಣು ತೆರೆದಳು.

"ಯಲ್ಲಾ, ಯಾರ ಸತ್ತಾರಂತ ಕತ್ತರಿ ತಂದೀ?"

ಅಪ್ಪನ ಕೈ ನಿಂತಿತು.

"ಮತ್ತೇನ ಮಾಡ್ಲಿ ಯವ್ವಾ? ಹೇನ ಬಿದ್ದ ಕುದರಿ ಮ್ಯಾಲೆ ಮದಮಗನ್ನ ಕುಂದರಸ್ಲೇನು?"

"ಅಯಾಲಾ ತಗದ ಮ್ಯಾಲೆ ಯಾಂವ ಕುಂದ್ರತಾನ?"

"ಯಾಂವನೂ ಕುಂದ್ರೂದಿಲ್ಲ. ಟಾಂಗಾ ಹೊಡಕೊಂಡು ಇರೂಣು. ಯಲ್ಲಪ್ಪನ ಕುದರಿ ಅನ್ನೂದು ಮುಗೀತು ಅಂತ ತಿಳಿಯೂಣು."

"ನಿನ್ನ ಮಗಳ ತಲ್ಯಾಗ ಹೇನಾದಾಗ ನಾ ಕತ್ತರಿ ಹಿಡದಿನೇನು? ಕೂದಲಾ ಇಟ್ಟು ಹೇನ ತಗಿಯೂದು ಹೆಣಮಕ್ಕಳಿಗೆ ಗೊತ್ತೈತಿ. ನಿಮಗ ಗಂಡಸರಿಗೆ ಹೇನ ಕಂಡ್ರ ತಲೀನ ತಗಿಯೂದು ಗೊತ್ತು."

"ತಗಿಯಾವರ ಯಾರು? ನೀ ಮುಟ್ಟಂಗಿಲ್ಲ, ಆಕಿ ಮುಟ್ಟಂಗಿಲ್ಲ."

"ನೀಲಿ ಮುಟ್ಟಬಹುದಲಾ."

ನೀಲಿ ಎಂದರೆ ನಾನು. ನೀಲವ್ವ. ಬಾಯಲ್ಲಿ ರೊಟ್ಟಿ ಇತ್ತು, ಮೂವರೂ ನನ್ನ ಕಡೆ ನೋಡಿದರು. ಅಪ್ಪ ಕತ್ತರಿಯನ್ನು ಗೂಟಕ್ಕೆ ತೂಗುಹಾಕಿದ. ಆದರೆ ಕೊಟ್ಟು ಬರಲಿಲ್ಲ, ಕಣ್ಣಿಗೆ ಬೀಳುವಂತೆ ಅಲ್ಲೇ ಬಿಟ್ಟ. ಮದುವೆಗೆ ಎಂಟು ದಿನ ಇರುವಾಗ ಒಂದು ಹೇನು ಕಂಡರೂ ಕತ್ತರಿ ಹಾಕಿಯೇಬಿಡುತ್ತೇನೆ ಎಂದ.

ನಮ್ಮ ಮನೆಯಲ್ಲಿ ತಲೆ ನೋಡುವುದು ಒಂದು ದೊಡ್ಡ ಕೆಲಸ. ಮನೆಯ ಬೇರೆ ಕೆಲಸಗಳಲ್ಲಿ ಆಯಿ ಅವ್ವನಿಗೆ ಬಿಟ್ಟುಕೊಟ್ಟದ್ದು ಬಹಳ ಇತ್ತು, ಇದನ್ನು ಬಿಟ್ಟಿರಲಿಲ್ಲ. ಸೀತಾಫಲದ ಬೀಜವನ್ನು ವರ್ಷಪೂರ್ತಿ ಒಣಗಿಸಿ ಚೀಲದಲ್ಲಿ ಕಟ್ಟಿ ಇಡುತ್ತಿದ್ದಳು. ಅದನ್ನು ಕುಟ್ಟಿ, ನುಣ್ಣಗೆ ಅರೆದು, ಕುಸುಬಿ ಎಣ್ಣೆಗೆ ಕಲಸಿ ಬುಡಕ್ಕೆ ಹಚ್ಚಿ ಬಟ್ಟೆ ಬಿಗಿಯುತ್ತಿದ್ದಳು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಎಂದು ನಮ್ಮ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿ ಕೂರಿಸುತ್ತಿದ್ದಳು. ಆಮೇಲೆ ತೊಳೆದು, ಸೀರಣಿಗೆಯಲ್ಲಿ ಬಾಚುವುದು. ಸೀರಣಿಗೆ ಎಂದರೆ ಎರಡೂ ಕಡೆ ಹಲ್ಲಿರುವ, ಬಲು ಒತ್ತಾದ ಹಲ್ಲಿನ ಕಟ್ಟಿಗೆಯ ಹಣಿಗೆ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ಅದೇ ಪೂಜೆ. ಎಣ್ಣೆಗೆ ಹೇನು ಸಾಯುತ್ತವೆ, ಸೀರು ಸಾಯುವುದಿಲ್ಲ, ಅದು ಒಡೆದು ಮರಿ ಬಂದ ಮೇಲೆ ಆ ಮರಿ ತಾಯಿಯಾಗುವ ಮೊದಲು ಕೊಲ್ಲಬೇಕು, ಇದು ಆಯಿಯ ಶಾಸ್ತ್ರ. ಅದೇ ಶಾಸ್ತ್ರವನ್ನು ನಾವು ಎರಡು ಮೆಟ್ಟಿಲು ಕೆಳಗೆ ಇಳಿಸಿದೆವು, ಅಷ್ಟೇ. ಅರೆಯುವುದು ಅವ್ವ. ಕುದುರೆಯ ಹೊಟ್ಟೆ ಬೆನ್ನು ಕಾಲುಗಳಿಗೆ ಬೀಜದ ಪುಡಿಯನ್ನು ಬೂದಿಯಲ್ಲಿ ಬೆರೆಸಿ ತಿಕ್ಕುವುದು ಅಪ್ಪ. ಅಯಾಲು ನನ್ನದು. ಕುದುರೆಯನ್ನು ಮೆಟ್ಟಿಲ ಪಕ್ಕಕ್ಕೆ ತಂದು ಕಟ್ಟಿ, ನಾನು ಎರಡನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಆಯಿ ಪಡಸಾಲೆಯ ಅಂಚಿಗೆ ಬಂದು, ಕಾಲು ಕೆಳಗೆ ಬಿಡದೆ ಮಡಚಿಕೊಂಡು ಕೂರುತ್ತಿದ್ದಳು. ಕುದುರೆಯಿಂದ ಒಂದು ಮೊಳ ದೂರ, ಆದರೆ ಬೆರಳು ಮುಂದೆ ಬರುತ್ತಿರಲಿಲ್ಲ.

"ಒಂದ ಬೆರಳ ಅಗಲ ಎಳಿ ತೊಗೋ. ಉಳದದ್ದ ದಾರಾ ಕಟ್ಟು. ಬುಡದಿಂದ ಜಗ್ಗು. ತುದಿಗೆ ಏನ ಪೂಜಿ ಮಾಡ್ತೀ, ಬುಡದಿಂದ! ತೋರ್ಸು ಹಣಗಿ."

ನಾನು ಸೀರಣಿಗೆ ತೋರಿಸುತ್ತಿದ್ದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಬಿಸಿನೀರಿಗೆ ಝಾಡಿಸು ಎನ್ನುತ್ತಿದ್ದಳು. ಸೀರು ಹಣಿಗೆಗೆ ಬರುವುದಿಲ್ಲ. ಎರಡು ಉಗುರಿನ ನಡುವೆ ಹಿಡಿದು ಒಂದೊಂದೇ ಕೂದಲನ್ನು ಬುಡದಿಂದ ತುದಿಯವರೆಗೆ ಜಗ್ಗಬೇಕು. ಮೊದಲ ದಿನದ ಕೊನೆಗೆ ನಾನು ಒಂದು ಗೇಣು ಅಯಾಲು ಮುಗಿಸಿದ್ದೆ, ಉಗುರು ಸಂದಿಯಲ್ಲಿ ರಕ್ತ ಬಂದಿತ್ತು. ಅವ್ವ ಅರಿಸಿಣ ಹಚ್ಚಿ, ಕೈ ನೆಕ್ಕಬ್ಯಾಡ, ಬೀಜದ ವಿಷ ಐತಿ ಎಂದು ತಾನೇ ರೊಟ್ಟಿ ಮುರಿದು ತಿನ್ನಿಸಿದಳು. ಹನ್ನೊಂದು ವರ್ಷದವಳಿಗೆ ತುತ್ತು! ಓಣಿಯ ಹುಡುಗಿಯರು ಬಾಗಿಲಲ್ಲಿ ಗುಂಪುಗೂಡಿ, ನೀಲಿ ಕುದುರೆಗೆ ಜಡೆ ಹಾಕಾಕತ್ತಾಳ ಎಂದು ನಕ್ಕರು. ನಾನು ಬಿಸಿನೀರಿನ ಚರಿಗೆಯನ್ನು ಅವರ ಕಡೆ ಎತ್ತಿ ತೋರಿಸಿದೆ, ಅದರಲ್ಲಿ ತೇಲುತ್ತಿದ್ದುದನ್ನು ನೋಡಿ ಓಡಿಹೋದರು. ಮೂರು ದಿನ ಅಪ್ಪ ಟಾಂಗಾ ಕಟ್ಟಲಿಲ್ಲ. ಸ್ಟ್ಯಾಂಡಿನ ಖರಾರಾ ಬಿಟ್ಟು, ಬೇರೆ ಒಂದು ಕೊಂಡು ತಂದು ಮನೆಯಲ್ಲೇ ಇಟ್ಟ.

ನಾಲ್ಕನೆಯ ದಿನ ಉಳಿದದ್ದು ಮುಂದಲೆ. ಕಿವಿಯ ಹತ್ತಿರ ಕೈ ಬಂದರೆ ನಗೀನಾಳಿಗೆ ಆಗುತ್ತಿರಲಿಲ್ಲ. ನಾನು ಎಳೆ ಹಿಡಿದೆ, ಅದು ತಲೆ ಕೊಡವಿತು, ಸೀರಣಿಗೆ ನನ್ನ ಬಾಯಿಗೆ ಬಡಿದು ತುಟಿ ಒಡೆಯಿತು. ಸಿಟ್ಟು ಬಂತು. ನಾಲ್ಕು ದಿನ ನಿಂತು ನಿಂತು ಕಾಲು ಬಾತಿದ್ದವು. ಮುಂದಲೆಯನ್ನು ಮೇಲೆ ಮೇಲೆ ಎರಡು ಸಲ ಸವರಿ, ಅದರ ಮೇಲೆ ಎಣ್ಣೆ ಬಳಿದು ಬಿಟ್ಟೆ. ಅಷ್ಟು ಹೊತ್ತಿಗೆ ಆಯಿ ಬಿಸಿಲಿಗೆ ತೂಕಡಿಸುತ್ತಿದ್ದಳು. ಎಚ್ಚರಾಗಿ ಕೇಳಿದಳು:

"ಮುಂದಲಿ ಆತೇನು?"

"ಆತು."

"ಬುಡದಿಂದ?"

"ಬುಡದಿಂದನ ಆಯಿ."

ಸುಳ್ಳು ಹೇಳುವುದು ಅಷ್ಟು ಹಗುರ ಎಂದು ನನಗೆ ಅಂದೇ ತಿಳಿದದ್ದು. ಮಾಡದೆ ಬಿಟ್ಟ ಕೆಲಸಕ್ಕೂ ಮಾಡಿದ ಕೆಲಸದಷ್ಟೇ ಊಟ ಸಿಕ್ಕಿತು, ಅವ್ವ ಬೆಲ್ಲವನ್ನೂ ಕೊಟ್ಟಳು.

ಹನ್ನೆರಡನೆಯ ದಿನ ಅಪ್ಪ ಮೇವು ತರಲು ರಾಯಾಪುರದ ಕಡೆ ಹೋಗಿದ್ದ. ಮತ್ತೆ ನೋಡಬೇಕಾದ ದಿನ ಹೇಗೂ ಬಂದಿತ್ತು. ನಾವು ಶುರು ಮಾಡುವ ಮೊದಲೇ ನಗೀನಾ ಹಣೆಯನ್ನು ಕಂಬಕ್ಕೆ ಒತ್ತಿ ಉಜ್ಜಿತು. ಕುತ್ತಿಗೆಯನ್ನಲ್ಲ, ಹಣೆಯನ್ನು. ಆಯಿ ಬಹಳ ಹೊತ್ತು ಅದನ್ನೇ ನೋಡಿದಳು.

"ನೀಲಿ, ಇಲ್ಲೆ ಬಾ. ಮುಂದಲಿ ಮಾಡಿದ್ಯೋ, ಇಲ್ಲೋ?"

ನಾನು ಸೀರಣಿಗೆಯ ಹಲ್ಲು ಎಣಿಸುತ್ತ ನಿಂತೆ.

"ಬಾಯಿ ಇಲ್ಲೇನ?"

"ಇಲ್ಲ."

"ಬಾಯಿ ಇಲ್ಲೋ, ಮುಂದಲಿ ಇಲ್ಲೋ?"

"ಮುಂದಲಿ ಮಾಡಿದ್ದಿಲ್ಲ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ನಾನು ಅಳುತ್ತ ಮುಂದಲೆ ಹಿಡಿದು ನೋಡಿದೆ. ಮರಿಹೇನು ಧೂಳಿನಷ್ಟು ಸಣ್ಣವು, ಬಿಳಿ ಕೂದಲಲ್ಲಿ ಬಿಳಿ ಸೀರು, ನನಗೆ ಎಲ್ಲಿ ಏನು ಎಂದು ಗೊತ್ತಾಗಲಿಲ್ಲ. ಮದುವೆಗೆ ಹತ್ತು ದಿನ ಇತ್ತು. ಅಪ್ಪ ಹೇಳಿದ ಗಡುವಿಗೆ ಎರಡೇ ದಿನ. ಗೂಟದ ಮೇಲೆ ಕತ್ತರಿ ತೂಗುತ್ತಿತ್ತು.

"ನನಗ ಕಣ್ಣ ಕಾಣೂದಿಲ್ಲ, ಖರೇ. ನಿನಗ ಕಣ್ಣ ಅದಾವ, ಬೆರಳಿಲ್ಲ. ಸರಿ ಆ ಕಡೆ."

ಹೀಗೆಂದು ಆಯಿ ಕಾಲು ಕೆಳಗೆ ಬಿಟ್ಟಳು. ಒಂದು ಮೆಟ್ಟಿಲು ಇಳಿದಳು, ಎರಡು ಇಳಿದಳು. ಅಜ್ಜ ಸತ್ತಾಗಿನಿಂದ ಅವಳು ಆ ಕಲ್ಲಿನ ಮೇಲೆ ಕಾಲಿಟ್ಟಿರಲಿಲ್ಲ. ಕುದುರೆಯ ಮುಂದೆ ಹಾಯಬಾರದು ಎಂದು ಹೊರಗೆ ಹೋಗುವುದು, ಒಳಗೆ ಬರುವುದು ಎಲ್ಲವೂ ಹಿತ್ತಲ ಬಾಗಿಲಿನಿಂದ. ನಗೀನಾ ಅವಳನ್ನು ಮೂಸಿ ಅವಳ ಸೆರಗಿನ ಮೇಲೆ ಒಮ್ಮೆ ಜೋರಾಗಿ ಸೀನಿತು. ಆಯಿ ಥೂ ಎಂದು ಒರೆಸಿಕೊಂಡು, ಅದರ ಕಿವಿಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಕುದುರೆ ತಲೆ ಇಳಿಸಿ ನಿಂತುಬಿಟ್ಟಿತು. ಎಲ್ಲಿ ಕಲಿತಿದ್ದಳೋ ಗೊತ್ತಿಲ್ಲ. ಅಜ್ಜ ಇದ್ದಾಗ ಅವಳೂ ಕುದುರೆ ಮನೆಯ ಸೊಸೆಯಾಗಿದ್ದವಳಲ್ಲವೇ. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲಿ ಕೂದಲು ತಡವುತ್ತ ಹೋದಳು. ಇಲ್ಲಿ ಎಂದ ಕಡೆ ಸೀರು ಇರುತ್ತಿತ್ತು, ನಾನು ಉಗುರು ಹಾಕಿ ಜಗ್ಗುತ್ತಿದ್ದೆ. ಮುಂದಲೆ, ಕಿವಿಯ ಹಿಂದೆ, ಬಾಲದ ಬುಡ, ಎಲ್ಲಾ ಮುಗಿಸಿದೆವು. ಅವಳ ಬೆರಳು ಒಮ್ಮೆಯೂ ತಪ್ಪಲಿಲ್ಲ. ಆ ನಂತರ ನಾನು ಬಹಳ ಜನ ಕೆಲಸ ಬಲ್ಲವರನ್ನು ನೋಡಿದ್ದೇನೆ, ಆ ಬೆರಳಿಗೆ ಸರಿಯಾದದ್ದು ನೋಡಿಲ್ಲ.

ಇನ್ನೇನು ಮುಗಿಯಿತು ಎನ್ನುವಾಗ ಅಪ್ಪ ಮೇವಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಹೊರೆ ಕೆಳಗೆ ಬಿತ್ತು.

"ಯವ್ವಾ! ಏನ ಮಾಡಿಟ್ಟೀ? ಮದಮಗ ಕುಂದ್ರೂ ಕುದರಿ ಅದು!"

ಆಯಿ ತಿರುಗಲಿಲ್ಲ.

"ಹೇನಿಗೆ ಮುತ್ತೈದಿ ಯಾರು, ರಂಡಿ ಯಾರು ತಿಳಿಯೂದಿಲ್ಲೋ ಯಲ್ಲಾ. ನನ್ನ ಕೈಯಾಗೂ ಸಾಯ್ತಾವ."

"ಹುಡುಗಿ ಮಾಡಾಕತ್ತಿದ್ಲಲಾ? ನೀ ಯಾಕ ಇಳದಿ?"

ಆಯಿ ನನ್ನ ಕಡೆ ಒಂದು ಸಲ ನೋಡಿದಳು. ನಾನು ನ್ಯಾಯವಾಗಿ ಅಲ್ಲೇ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ನನ್ನ ಮನಸಿಗೆ ಬಂತು, ಇಳದ್ನಿ," ಎಂದಳು ಆಯಿ.

ಅಂದಿನಿಂದ ಅಪ್ಪ ತನ್ನ ತಾಯಿಯ ಜೊತೆ ಮಾತು ಬಿಟ್ಟ. ಅವಳು ಉಂಡು ಎದ್ದ ಮೇಲೆ ತಾನು ಉಣ್ಣಲು ಕೂರುತ್ತಿದ್ದ. ಇದ್ದದ್ದು ಒಂದೇ ಪಡಸಾಲೆ, ಮುಖ ತಿರುಗಿಸಲು ಬೇರೆ ಕೋಣೆ ಇಲ್ಲ. ಆದ್ದರಿಂದ ಇಬ್ಬರೂ ನನ್ನನ್ನು ನಡುವೆ ಇಟ್ಟುಕೊಂಡು ಮಾತಾಡುತ್ತಿದ್ದರು.

"ನೀಲಿ, ನಿಮ್ಮ ಆಯಿಗೆ ಹೇಳು, ಹಿತ್ತಲ ಬಾಗಲಾ ಇನ್ನೂ ಅಲ್ಲೇ ಐತಿ, ಮರತಿದ್ರ ನೆನಪ ಮಾಡ್ಕೋ ಅಂತ."

"ನಿಮ್ಮಪ್ಪಗ ಹೇಳು, ನನಗ ಬಾಗಲಾ ಗೊತ್ತೈತಿ. ಕಿವೀನೂ ಅದಾವ, ಸಣ್ಣಗ ಹೇಳಿದ್ರ ಕೇಳತೈತಿ."

ಗಡುವಿನ ದಿನ ಅಪ್ಪ ನಗೀನಾಳನ್ನು ಅಂಗಳದ ಬಿಸಿಲಿಗೆ ತಂದು, ಮಕ್ತುಮ ಕಾಕಾನನ್ನು ಕರೆಸಿದ. ಇಬ್ಬರೂ ಎಳೆ ಎಳೆ ಬಿಡಿಸಿ ನೋಡಿದರು. ಒಂದೂ ಸಿಗಲಿಲ್ಲ. ಕಾಕಾ, ಇನ್ನ ನಾ ಲಾಳಾ ಬಡಿಯೂದು ಬಿಟ್ಟು ನಿನ್ನ ಮಗಳ ಕೈಯಾಗ ಶಾಗೀರ್ದ ಆಗ್ತೇನಿ ಎಂದು ಅಂಗಳದಲ್ಲೇ ನನಗೆ ಕೈ ಮುಗಿದ. ಕತ್ತರಿ ಕುರುಬರ ಮನೆಗೆ ಹೋಯಿತು. ಅಪ್ಪನ ಮುಖ ಮಾತ್ರ ಬಿಡಲಿಲ್ಲ. ವಿಧವೆ ಮುಟ್ಟಿದ ಕುದುರೆ ಎಂದು ಮದುವೆ ಮನೆಗೆ ಗೊತ್ತಾದರೆ ಎನ್ನುವ ಹೆದರಿಕೆ ಅವನದು. ಒಂದು ಸಂಜೆ, ಬೇರೆ ಕುದುರೆ ನೋಡಿಕೊಳ್ಳಿ ಎಂದು ಹೇಳಿಬರುತ್ತೇನೆ ಎಂದು ಕೇಶ್ವಾಪುರಕ್ಕೆ ಹೊರಟ. ಅವ್ವ ಅವನ ರುಮಾಲು ಕೈಗೆ ಕೊಡುತ್ತ ಇಷ್ಟೇ ಹೇಳಿದಳು:

"ಹೇಳ್ರಿ. ಹೇಳಿ ಬರೂವಾಗ ಆ ಕತ್ತರೀನೂ ತೊಗೊಂಡ ಬರ್ರಿ. ಅತ್ತಿ, ನೀಲಿ ಇಬ್ಬರೂ ಸೇರಿ ಉಳಿಸಿದ ಅಯಾಲಾ, ನೀವ ಕತ್ತರಸ್ರಿ."

ಅರ್ಧ ದಾರಿಗೆ ಹೋಗಿ ವಾಪಸ್ ಬಂದ.

ಮದುವೆಯ ದಿನ ಕುದುರೆಯ ಲಗಾಮು ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದ. ಮುತ್ತೈದೆಯರು ಮುಟ್ಟಬಾರದು ಎನ್ನುವ ಕಟ್ಟು ಆ ಮನೆಯವರಲ್ಲಿ ಇರಲಿಲ್ಲ, ಬೇರೊಂದು ಪದ್ಧತಿ ಇತ್ತು. ಮದುಮಗ ಹತ್ತುವ ಮೊದಲು ಅವನ ಅಕ್ಕತಂಗಿಯರು ತಮ್ಮ ಕೈಯಿಂದಲೇ ಕುದುರೆಯ ಅಯಾಲಿಗೆ ಮಲ್ಲಿಗೆ ಪೋಣಿಸಬೇಕು. ಹೆಣ್ಣುಮಕ್ಕಳ ಬೆರಳು, ಅದೂ ತಲೆ ನೋಡಿ ಪಳಗಿದ ಬೆರಳು. ಗಂಡಸರ ಕಣ್ಣು ತಪ್ಪಿಸಿದ್ದು ಅಲ್ಲಿ ತಪ್ಪುವುದಿಲ್ಲ. ಇನ್ನೂ ಬಿಸಿಲಿತ್ತು. ದಪ್ಪಗಿನ ಹಿರಿಯ ಅಕ್ಕ ಮಂಟಪದ ಮುಂದೆ ನಿಂತು ಮುಂದಲೆಯನ್ನೇ ಮೊದಲು ಕೈಗೆ ತೆಗೆದುಕೊಂಡಳು. ಬುಡದವರೆಗೆ ಬೆರಳು ಹಾಕಿ ಸೀಳು ತೆಗೆದಳು. ತಟ್ಟನೆ ನಿಂತಳು. ಎರಡು ಉಗುರಿನ ನಡುವೆ ಏನನ್ನೋ ಹಿಡಿದು ಬೆಳಕಿಗೆ ಎತ್ತಿದಳು. ಅಪ್ಪನ ಕಡೆ ನೋಡಿದೆ, ಅವನು ಆಕಾಶ ನೋಡುತ್ತಿದ್ದ.

"ತೌಡು," ಎಂದು ಅವಳು ಅದನ್ನು ಊದಿ ಹಾರಿಸಿದಳು. "ಅಯ್ಯ, ಎಷ್ಟ ಮೆತ್ತಗ ಅದಾವ ಕೂದಲಾ! ನನ್ನ ತಲಿಗಿಂತ ಛಲೋ ಅದಾವಲ್ರಿ. ಯಾರ ಬಾಚಾವರು?"

ಅಪ್ಪ ಆಕಾಶದಿಂದ ಇಳಿದು ಹೇಳಿದ:

"ನನ್ನ ಮಗಳ್ರಿ. ಒಬ್ಬಾಕೀನ."

ಸುತ್ತಲಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ಆ ಅಕ್ಕ ಉಳಿದ ಮಲ್ಲಿಗೆಯನ್ನು ನನ್ನ ಜಡೆಗೆ ಸಿಕ್ಕಿಸಿ, ನಮ್ಮ ಮನಿಗೆ ಬಾರವ್ವಾ, ನನ್ನ ತಲೀನೂ ಬಾಚು ಎಂದಳು. ನನಗೆ ಹೆಮ್ಮೆ ಬಂತು. ಇಲ್ಲ ಎಂದು ಹೇಳುವುದಿಲ್ಲ, ಎದೆ ಉಬ್ಬಿ ಬಂತು. ಮದುಮಗ ಹತ್ತಿದ, ಹಲಗೆ ಬಡಿದರು, ನಗೀನಾ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ಕೇಶ್ವಾಪುರದ ಬೀದಿ ತುಂಬ ನಡೆಯಿತು, ನಾನು ಅದರ ಮುಂದೆ. ಆ ಜೋಡಿ ಚೆನ್ನಾಗಿಯೇ ಬಾಳಿತು. ಮೊಮ್ಮಕ್ಕಳ ಮದುವೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ವಿಧವೆಯ ಕೈ ತಾಗಿದ್ದರಿಂದ ಆದ ಕೇಡು ಇಷ್ಟು ಎಂದು ತೋರಿಸಿ ಎಂದು ಯಾರನ್ನಾದರೂ ಕೇಳಲು ಸಿದ್ಧಳಿದ್ದೇನೆ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಬಹಳ ದಿನದ ಮೇಲೆ ಸಿಳ್ಳೆ ಹಾಕಿದ. ನನ್ನ ತಲೆಯ ಮೇಲೆ ಕೈ ಇಟ್ಟು ಅಂದ:

"ನೀನ ಸಾಕಿತ್ತು ಮಗಳ. ನಿಮ್ಮ ಆಯಿ ಸುಮ್ಮನ ಕೈ ಹಾಕಿ ಮೈಲಿಗಿ ಮಾಡಿದ್ಲು."

ಜಡೆಯಲ್ಲಿದ್ದ ಮಲ್ಲಿಗೆ ಘಮ ಎನ್ನುತ್ತಿತ್ತು. ನಾನು ಅದನ್ನೇ ಮೂಸುತ್ತ ನಡೆದೆ. ಮನೆಗೆ ಬಂದು ಆಯಿಯ ಪಕ್ಕ ಎಂದಿನಂತೆ ಕೌದಿ ಹೊದ್ದು ಮಲಗಿದೆ. ಅವಳು ಹೂವಿನ ವಾಸನೆ ಹಿಡಿದು, ಛಲೋ ಆತೇನು ಎಂದು ಕೇಳಿದಳು, ಛಲೋ ಆತು ಎಂದೆ.

ಮರುದಿನ ಬೆಳಿಗ್ಗೆ ಎದ್ದಾಗ ಆಯಿ ಹಿತ್ತಲ ಬಾಗಿಲಿನಿಂದ ಬಾವಿಗೆ ಹೋಗಿದ್ದಳು. ಅಪ್ಪ ಟಾಂಗಾ ಕಟ್ಟಲು ಕೊರಳಪಟ್ಟಿ ಕೈಯಲ್ಲಿ ಹಿಡಿದಿದ್ದ. ನಾನು ಮೆಟ್ಟಿಲ ಮೇಲೆ ನಿಂತು ಹೇಳಿದೆ: "ಅಪ್ಪಾ, ಮುಂದಲಿ ನಾ ಮಾಡಿದ್ದಿಲ್ಲ. ಮಾಡೇನಂತ ಸುಳ್ಳ ಹೇಳಿದ್ನಿ. ಅದಕ್ಕ ಆಯಿ ಇಳದಾಳ. ನಿನ್ನೆ ಆ ಅಕ್ಕ ಕೈ ಹಾಕಿದ್ದು ಆಯಿ ಮಾಡಿದ ಮುಂದಲಿಗೆ, ಅದಕ್ಕ ಹೇನ ಸಿಗಲಿಲ್ಲ. ನಾ ಬಿಟ್ಟಂಗ ಬಿಟ್ಟಿದ್ರ ಇರ್ತಿದ್ದೂ." ಉತ್ತರಕ್ಕೂ ಹೊಡೆತಕ್ಕೂ ನಾನು ಕಾಯಲಿಲ್ಲ. ಅಡಿಗೆಮನೆ ದಾಟಿ ಹೋಗಿ, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಜಡಿದೆ. ಸ್ವಲ್ಪ ಹೊತ್ತಿಗೆ ಆಯಿ ತುಂಬಿದ ಕೊಡ ಹೊತ್ತು ಬಂದು ಬಾಗಿಲು ಬಡಿದಳು. ಯಾವಾಕಿ ಅಗಳಿ ಹಾಕಿದಾಕಿ, ಕೈ ಮುರದಾವೇನು ಎಂದು ಬೈದಳು. ಅವ್ವ ಒಲೆಯ ಮುಂದಿನಿಂದ ಎದ್ದಳು, ಅಪ್ಪನ ಮುಖ ನೋಡಿ ಮತ್ತೆ ಕುಳಿತಳು. ಅಪ್ಪ ಕೊರಳಪಟ್ಟಿ ಹಿಡಿದೇ ನಿಂತಿದ್ದ, ಆ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಾನು ಓಣಿಗೆಲ್ಲಾ ಕೇಳುವಂತೆ ಕೂಗಿದೆ:

"ಮುಂದಿನ ಬಾಗಲಾ ತೆರದೈತಿ ಆಯಿ, ಆ ಕಡೆ ಹಾದ ಬಾ!"